ಆಲಿಸುವುದೂ ಒಂದು ವಿದ್ಯೆ

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಪ್ರಸ್ತಾಪ ಬಂದಾಗ ದಾದಿಯರ ತರಬೇತಿ, ಶಿಕ್ಷಕ ವೃತ್ತಿ, ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರ್, ಇವುಗಳ ಹೆಸರು ಮೊದಲು ಕೇಳಿಬರುತ್ತದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೌಟುಂಬಿಕ ದೌರ್ಜನ್ಯಕ್ಕೆ ತುತ್ತಾದ ಸ್ತ್ರೀಯರ ಜೊತೆ ಕೆಲಸ ಮಾಡುತ್ತೇನೆಂದು ಮಗಳು ಹೇಳಿದರೆ ತಂದೆತಾಯಿಗಳ ಮುಖದಲ್ಲಿ ಸಂತೋಷಕ್ಕಿಂತ ಆತಂಕವೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. "ಬೇರೆಯವರ ಮನೆಯ ಜಗಳ ನಿನಗೇಕೆ?" ಎಂಬುದು ಮೊದಲ ಪ್ರಶ್ನೆ. "ಸಂಬಳ ಎಷ್ಟು?" ಎಂಬುದು ಎರಡನೆಯದು. ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಅದರ ವಿಚಾರ ಮುಂದೆ ಬರುತ್ತದೆ. ಮೊದಲನೆಯ ಪ್ರಶ್ನೆಯನ್ನು ಮಾತ್ರ ಹಾಗೆಯೇ ಬಿಡುವಂತಿಲ್ಲ.

ಬೇರೆಯವರ ಮನೆ ಎಂದರೆ ಯಾರ ಮನೆ? 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಗಂಡನ ಕೈಯಿಂದ ಹಿಂಸೆ ಅನುಭವಿಸಿದವರ ಪ್ರಮಾಣ ದೇಶದಲ್ಲಿ ಶೇಕಡಾ 29.3, ನಮ್ಮ ಕರ್ನಾಟಕದಲ್ಲಿ ಶೇಕಡಾ 44.4. ಇದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಪ್ರಮಾಣ ಶೇಕಡಾ 20.6 ಇತ್ತು. ಈ ಏರಿಕೆಯಲ್ಲಿ ಹಿಂಸೆಯ ಪಾಲೆಷ್ಟು, ಬಾಯಿಬಿಟ್ಟು ಹೇಳುವ ಧೈರ್ಯದ ಪಾಲೆಷ್ಟು ಎಂಬುದನ್ನು ಪಂಡಿತರು ಚರ್ಚಿಸಲಿ. ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ: ಹಿಂಸೆಗೆ ಒಳಗಾದ ಸ್ತ್ರೀಯರಲ್ಲಿ ಶೇಕಡಾ 77 ಮಂದಿ ಯಾರ ಸಹಾಯವನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನೂರು ಮಂದಿಯಲ್ಲಿ ಸಹಾಯ ಕೇಳಿದವರು ಕೇವಲ ಹದಿನಾಲ್ಕು. ನಮ್ಮ ಮನೆಗಳು ಇದಕ್ಕೆ ಹೊರತು ಎಂದು ಭಾವಿಸಲು ನನ್ನ ಇಪ್ಪತ್ತೈದು ವರ್ಷಗಳಿಗೂ ಮೀರಿದ ಪಾಲನಾ ಸೇವೆ ಆಸ್ಪದ ಕೊಡುವುದಿಲ್ಲ. ಭಾನುವಾರದ ಬಲಿಪೂಜೆಗೆ ಪೂರ್ಣ ತೋಳಿನ ರವಿಕೆ ತೊಟ್ಟು ಬರುವ ತಾಯಂದಿರೆಲ್ಲ ಚಳಿಗೆಂದೇ ಅದನ್ನು ತೊಡುವುದಿಲ್ಲ.

ಈ ಸ್ತ್ರೀಯರ ಜೊತೆ ನಿಲ್ಲುವುದು ಒಂದು ಕಸುಬಾಗಿ, ಒಂದು ವಿದ್ಯೆಯಾಗಿ ರೂಪುಗೊಂಡು ಬಹಳ ಕಾಲವಾಗಿಲ್ಲ. 1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಹೊಡೆತ ತಿಂದ ಹೆಂಡತಿಯರಿಗಾಗಿ ಆಶ್ರಯಧಾಮವೊಂದು ತೆರೆಯಿತು. ನಮ್ಮ ದೇಶದಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1984ರಲ್ಲಿ ಮುಂಬಯಿ ಪೊಲೀಸ್ ವ್ಯವಸ್ಥೆಯ ಒಳಗೇ ತರಬೇತಿ ಪಡೆದ ಸಮಾಜ ಕಾರ್ಯಕರ್ತರನ್ನು ಕೂರಿಸಿ ವಿಶೇಷ ಘಟಕವನ್ನು ಆರಂಭಿಸಿದರು. ಕರ್ನಾಟಕ ಸರ್ಕಾರ 2000-01ರಲ್ಲಿ ಸಾಂತ್ವನ ಯೋಜನೆಯನ್ನು ಜಾರಿಗೆ ತಂದು ಸ್ವಯಂಸೇವಾ ಸಂಸ್ಥೆಗಳ ಕೈಗೆ ಕೊಟ್ಟಿತು. 2005ರಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. 2015ರಿಂದ ಸಖಿ ಕೇಂದ್ರಗಳು ಬಂದಿವೆ. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ, ಕೆಲವು ದಿನಗಳ ತಂಗುದಾಣ ಎಲ್ಲವೂ ಒಂದೇ ಸೂರಿನಡಿ ಸಿಗಬೇಕೆಂಬುದು ಅವುಗಳ ಉದ್ದೇಶ. ಇತಿಹಾಸ ಇಷ್ಟು ಸಾಕು.

ಈ ಕೆಲಸದಲ್ಲಿರುವಾಕೆ ದಿನವೂ ಮಾಡುವುದೇನು ಎಂಬುದನ್ನು ನಮ್ಮವರು ಸರಿಯಾಗಿ ಅರಿತಿಲ್ಲ. ಸಮಾಧಾನ ಹೇಳುವುದು, ಕಣ್ಣೀರು ಒರೆಸುವುದು, ಗಂಡನನ್ನು ಕರೆಸಿ ಬುದ್ಧಿ ಹೇಳುವುದು ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವ ಬೇರೆ. ಆಕೆ ಮೊದಲು ಮಾಡುವ ಕೆಲಸ ಬಂದವಳನ್ನು ಒಂಟಿಯಾಗಿ ಕೂರಿಸಿಕೊಳ್ಳುವುದು. ಜೊತೆಯಲ್ಲಿ ಬಂದ ಅತ್ತೆಯಾಗಲಿ, ಅಣ್ಣನಾಗಲಿ, ಹೆತ್ತ ತಾಯಿಯೇ ಆಗಲಿ, ಹೊರಗೆ. ಏಕೆಂದರೆ ಇನ್ನೊಬ್ಬರ ಎದುರಿನಲ್ಲಿ ಹೇಳುವ ಕಥೆ ಆ ಇನ್ನೊಬ್ಬರಿಗಾಗಿ ಹೇಳಿದ ಕಥೆಯಾಗಿರುತ್ತದೆ. ಅನಂತರ ಆಕೆ ಕೇಳದೆ ಇರುವ ಪ್ರಶ್ನೆಯೊಂದಿದೆ: "ಇಷ್ಟು ವರ್ಷ ಏಕೆ ಸಹಿಸಿಕೊಂಡೆ?" ಕೇಳುವವರ ಕುತೂಹಲಕ್ಕೆ ಅದು ಸಹಜವಾದ ಪ್ರಶ್ನೆ, ಉತ್ತರಿಸಬೇಕಾದವಳಿಗೆ ಅದು ಆಪಾದನೆ.

ಬದಲಿಗೆ ಅವಳು ಕೇಳುವ ಪ್ರಶ್ನೆಗಳು ಬಹಳ ನಿರ್ದಿಷ್ಟವಾದವು. ಕತ್ತು ಹಿಸುಕಿದ್ದಾನೆಯೆ? ಮನೆಯಲ್ಲಿ ಕತ್ತಿ, ಬಂದೂಕು ಇದೆಯೆ? ಕೊಲ್ಲುತ್ತೇನೆ ಎಂದೋ, ತಾನೇ ಸಾಯುತ್ತೇನೆ ಎಂದೋ ಬೆದರಿಸುತ್ತಾನೆಯೆ? ಗರ್ಭಿಣಿಯಾಗಿದ್ದಾಗ ಹೊಡೆದದ್ದುಂಟೆ? ಇತ್ತೀಚೆಗೆ ಹೊಡೆತ ಹೆಚ್ಚಾಗಿದೆಯೆ? ಇವುಗಳ ಹಿಂದೆ ದೀರ್ಘ ಅಧ್ಯಯನವಿದೆ. ಅಮೆರಿಕದ ದಾದಿ ಮತ್ತು ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅವರು 1980ರ ದಶಕದಲ್ಲಿ ಇಂಥ ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದರು. ಯಾವ ಮನೆಯ ಹಿಂಸೆ ಕೊಲೆಯಲ್ಲಿ ಕೊನೆಗಾಣಬಹುದೆಂಬುದನ್ನು ಮುಂಚಿತವಾಗಿ ಊಹಿಸುವ ಪ್ರಯತ್ನವದು. ಕತ್ತು ಹಿಸುಕಿದ್ದು ಹೊರಗೆ ಗುರುತನ್ನೇ ಉಳಿಸದೆ ಇರಬಹುದು. ಆದರೆ ಮುಂದಿನ ಪ್ರಾಣಾಪಾಯಕ್ಕೆ ಅದು ದೊಡ್ಡ ಸೂಚನೆ. ಹಾಗೆಯೇ, ಹೆಂಡತಿ ಮನೆ ಬಿಡಲು ನಿರ್ಧರಿಸಿದ ಮತ್ತು ಬಿಟ್ಟುಹೋದ ದಿನಗಳೇ ಅತ್ಯಂತ ಅಪಾಯದ ದಿನಗಳು. "ಬಿಟ್ಟುಬಂದಳಲ್ಲ, ಇನ್ನೇನು ಭಯ" ಎಂದು ನಾವು ನಿಟ್ಟುಸಿರು ಬಿಡುವ ಹೊತ್ತಿಗೆ ಈ ಕೆಲಸದವರು ಎಚ್ಚರವನ್ನು ಇಮ್ಮಡಿಗೊಳಿಸುತ್ತಾರೆ. ಸದುದ್ದೇಶದ ನೆರೆಯವನಿಗೂ ತರಬೇತಿ ಪಡೆದವಳಿಗೂ ಇರುವ ಅಂತರ ಇಂಥಲ್ಲಿ ತಿಳಿಯುತ್ತದೆ.

ಆಮೇಲೆ ಕಾಗದದ ಕೆಲಸ. ಕೌಟುಂಬಿಕ ಘಟನಾ ವರದಿ ಎಂಬ ನಮೂನೆಯಿದೆ. ಯಾವ ದಿನ, ಎಲ್ಲಿ, ಯಾರು, ಏನು ಮಾಡಿದರು ಎಂಬುದನ್ನು ರಕ್ಷಣಾಧಿಕಾರಿಯೋ ನೋಂದಾಯಿತ ಸೇವಾ ಸಂಸ್ಥೆಯವರೋ ಅದರಲ್ಲಿ ದಾಖಲಿಸಬೇಕು. ಭಯದಲ್ಲಿ ಬದುಕಿದವರ ನೆನಪು ದಿನಾಂಕದ ಕ್ರಮದಲ್ಲಿ ಇರುವುದಿಲ್ಲ. ಹಬ್ಬದ ಹಿಂದಿನ ರಾತ್ರಿ, ಮಗುವಿಗೆ ಜ್ವರ ಬಂದಿದ್ದ ವಾರ, ಎಂದು ಅವರು ಲೆಕ್ಕ ಇಟ್ಟಿರುತ್ತಾರೆ. ಅದನ್ನು ಅವಸರಪಡಿಸದೆ, ಬಾಯಿಗೆ ಮಾತು ತುರುಕದೆ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವಂಥ ಬರಹವಾಗಿ ಮಾಡುವುದು ತಾಳ್ಮೆಯ ಕೆಲಸ. ಮುಂದೆ ಅವಳ ರಕ್ಷಣೆ, ಅವಳ ವಾಸದ ಹಕ್ಕು, ಮಕ್ಕಳ ಖರ್ಚು ಎಲ್ಲವೂ ಈ ಹಾಳೆಯ ಮೇಲೆ ಬಹುಮಟ್ಟಿಗೆ ನಿಂತಿರುತ್ತದೆ. ಜೊತೆಗೆ, ಅವಳು ಇಂದು ರಾತ್ರಿ ಅದೇ ಮನೆಗೆ ಹಿಂದಿರುಗುವವಳಾದರೆ ಅದಕ್ಕೂ ಸಿದ್ಧತೆ ಬೇಕು: ಯಾವ ನೆರೆಮನೆಯ ಬಾಗಿಲು ತಟ್ಟಬಹುದು, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ಜನನ ಪತ್ರಗಳನ್ನು ಎಲ್ಲಿ ಇಡಬೇಕು, ಯಾವ ಹೊತ್ತಿನಲ್ಲಿ ಫೋನು ಮಾಡಿದರೆ ಅಪಾಯವಿಲ್ಲ.

ಹೌದು, ಹಿಂದಿರುಗುತ್ತಾಳೆ. ಅನೇಕರು ಒಮ್ಮೆಯಲ್ಲ, ಹಲವು ಬಾರಿ ಬಿಟ್ಟುಬಂದು ಹಲವು ಬಾರಿ ಹಿಂದಿರುಗುತ್ತಾರೆ. "ನಾವು ಇಷ್ಟೆಲ್ಲ ಮಾಡಿದೆವು, ಅವಳೇ ಮತ್ತೆ ಹೋದಳು, ಇನ್ನು ನಮಗೇಕೆ" ಎನ್ನುವುದು ನಮ್ಮ ಸಂಘಸಂಸ್ಥೆಗಳಲ್ಲಿ ನಾನು ಅನೇಕ ಸಲ ಕೇಳಿದ ಮಾತು. ಸಹಾಯ ಮಾಡಿದವರಿಗೆ ಕೃತಜ್ಞತೆಯ ನಿರೀಕ್ಷೆ ಇರುತ್ತದೆ. ಅದು ಮನುಷ್ಯ ಸ್ವಭಾವ. ಈ ವಿದ್ಯೆ ಕಲಿತವರು ಆ ನಿರೀಕ್ಷೆಯನ್ನು ಕೈಬಿಡಲು ಕಲಿತಿರುತ್ತಾರೆ. ಇಂಥ ಕೇಂದ್ರವೊಂದರಲ್ಲಿ ಹಲವು ವರ್ಷ ದುಡಿದ ಆಪ್ತಸಮಾಲೋಚಕಿಯೊಬ್ಬರು ನನ್ನೊಡನೆ ಹೇಳಿದ್ದುಂಟು: "ಫಾದರ್, ಅವಳ ಬದುಕಿನ ಎಲ್ಲ ತೀರ್ಮಾನವನ್ನೂ ಇಷ್ಟು ದಿನ ಅವನು ಮಾಡಿದ್ದಾನೆ. ಈಗ ಅವನ ಜಾಗದಲ್ಲಿ ನಾನು ಕೂತುಬಿಟ್ಟರೆ ಅವಳಿಗೆ ಸಿಕ್ಕಿದ್ದೇನು?" ಮನುಷ್ಯನನ್ನು ಸಾಧನವಾಗಿ ಕಾಣಕೂಡದು, ಅವನೇ ಗುರಿ ಎಂಬ ಇಮ್ಯಾನುಯೆಲ್ ಕಾಂಟನ ವಾದವನ್ನು ಗುರುಮಠದಲ್ಲಿ ಎರಡು ವರ್ಷ ಓದಿದ್ದೇನೆ. ಇದಕ್ಕಿಂತ ಚೊಕ್ಕವಾದ ವ್ಯಾಖ್ಯಾನ ನನಗೆ ಅಲ್ಲಿ ದೊರೆತ ನೆನಪಿಲ್ಲ.

ಇನ್ನು ನಮ್ಮ ಅಂಗಳದ ವಿಷಯಕ್ಕೆ ಬರೋಣ. ಧರ್ಮಕೇಂದ್ರಗಳಲ್ಲಿ ರಾಜಿ ಎಂಬ ಪದ್ಧತಿಯೊಂದಿದೆ. ಹೊಡೆದವನನ್ನೂ ಹೊಡೆತ ತಿಂದವಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಪಾಲನಾ ಸಮಿತಿಯ ಹಿರಿಯರಿಬ್ಬರನ್ನು ಕರೆಸಿ, ಇಬ್ಬರ ತಪ್ಪನ್ನೂ ತೂಗಿ, ಕೈ ಹಿಡಿಸಿ, ಪ್ರಾರ್ಥನೆ ಮಾಡಿ ಕಳುಹಿಸುವುದು. ಸಾಮಾನ್ಯ ಮನಸ್ತಾಪಗಳಿಗೆ ಇದು ಒಳ್ಳೆಯ ಪದ್ಧತಿಯೇ. ಎಷ್ಟೋ ಮನೆಗಳು ಇದರಿಂದ ಉಳಿದಿವೆ. ಆದರೆ ಒಬ್ಬರು ಇನ್ನೊಬ್ಬರಿಗೆ ಹೆದರಿ ಬದುಕುತ್ತಿರುವಲ್ಲಿ ರಾಜಿ ಎಂಬುದಕ್ಕೆ ಅರ್ಥವೇ ಇಲ್ಲ. ಬೆಂಚಿನ ಮೇಲೆ ಅವಳು ನಿಜ ಹೇಳಿದರೆ ಅದರ ಬೆಲೆಯನ್ನು ರಾತ್ರಿ ಮನೆಯಲ್ಲಿ ತೆರಬೇಕಾಗುತ್ತದೆ; ಹೇಳದೆ ಇದ್ದರೆ ಸಮಿತಿಯ ಕಡತದಲ್ಲಿ "ಇಬ್ಬರೂ ಒಪ್ಪಿದರು" ಎಂದು ದಾಖಲಾಗುತ್ತದೆ. ಕಾಯಿದೆ ಈ ವಿಷಯದಲ್ಲಿ ನಮಗಿಂತ ವಿವೇಕದಿಂದ ನಡೆದಿದೆ. 2006ರ ನಿಯಮಗಳ ಪ್ರಕಾರ, ನ್ಯಾಯಾಲಯ ಸೂಚಿಸುವ ಸಮಾಲೋಚನೆಯಲ್ಲಿ ಹಿಂಸೆ ಎಸಗಿದವನು ತನ್ನ ಕೃತ್ಯಕ್ಕೆ ಸಮರ್ಥನೆ ಹೇಳಲು ಅವಕಾಶವಿಲ್ಲ. ಉಭಯಪಕ್ಷದವರ ಬಂಧುಗಳು, ವಿವಾದದಲ್ಲಿ ಹಿತಾಸಕ್ತಿ ಉಳ್ಳವರು, ಪಕ್ಷಗಳ ಒಪ್ಪಿಗೆಯಿಲ್ಲದೆ ಸಮಾಲೋಚಕರಾಗುವಂತಿಲ್ಲ. "ಅವಳೂ ಬಾಯಿ ಮಾಡಿದಳಂತೆ" ಎಂಬ ಒಂದು ವಾಕ್ಯ ನಮ್ಮ ಎಷ್ಟು ಪಂಚಾಯಿತಿಗಳನ್ನು ಮುಗಿಸಿದೆ ಎಂಬುದನ್ನು ಬಲ್ಲವರಿಗೆ ಈ ನಿಯಮದ ಮಹತ್ವ ಹೊಳೆದೀತು.

ಇಲ್ಲಿ ಒಬ್ಬ ಗುರುವಾಗಿ ಬೋಧನೆಯ ವಿಷಯವನ್ನೂ ಹೇಳಬೇಕಾಗಿದೆ. ಆಗಸ್ಟ್ 27ರಂದು ಸಂತ ಮೋನಿಕಳ ಹಬ್ಬ ಬರುತ್ತದೆ. ತಾಯಂದಿರ ಸಂಘಗಳಲ್ಲಿ ಅಂದು ಅವಳ ಸಹನೆಯ ಮೇಲೆ ಉಪನ್ಯಾಸವಿರುತ್ತದೆ. ಅವಳ ಮಗ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ಊರಿನ ಹೆಂಗಸರ ವಿಷಯ ಬರೆದಿದ್ದಾರೆ: ಮುಖದ ಮೇಲೆ ಹೊಡೆತದ ಗುರುತು ಹೊತ್ತು ಬಂದು ಗಂಡಂದಿರನ್ನು ದೂರುತ್ತಿದ್ದವರಿಗೆ ಮೋನಿಕಳು, ದೋಷ ನಿಮ್ಮ ನಾಲಗೆಯಲ್ಲಿದೆ, ಮದುವೆಯ ಕರಾರಿನಿಂದ ನೀವು ದಾಸಿಯರಾದಿರಿ ಎಂಬ ಅರ್ಥದಲ್ಲಿ ಬುದ್ಧಿ ಹೇಳುತ್ತಿದ್ದಳಂತೆ. ಇದನ್ನೇ ಇಂದಿಗೂ ಆದರ್ಶವೆಂದು ಎತ್ತಿಹೇಳುವ ಉಪನ್ಯಾಸಕರಿದ್ದಾರೆ. ಆದರೆ ಅದು ನಾಲ್ಕನೆಯ ಶತಮಾನದ ರೋಮನ್ ಆಫ್ರಿಕಾದ ಗೃಹನೀತಿ. ಧರ್ಮಸಭೆಯ ವಿಶ್ವಾಸದ ಅಂಶವಲ್ಲ. ಮೋನಿಕಳನ್ನು ಸಂತಳೆಂದು ಗೌರವಿಸಲು ಅವಳ ಊರಿನ ರೂಢಿಯನ್ನೂ ಪೂಜಿಸಬೇಕಾಗಿಲ್ಲ. ಎಫೆಸಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯದ ಪಾಡೂ ಹೀಗೆಯೇ: ಹೆಂಡತಿಯ ವಿಧೇಯತೆಯನ್ನು ಹೇಳುವ 22ನೆಯ ವಚನದಿಂದ ಓದಲು ತೊಡಗುವವರು, ಪರಸ್ಪರ ವಿಧೇಯತೆಯನ್ನು ಹೇಳುವ 21ನ್ನು ಬಿಟ್ಟೇ ತೊಡಗುತ್ತಾರೆ.

"ಶಿಲುಬೆಯನ್ನು ಹೊರಬೇಕಲ್ಲವೆ?" ಎಂದು ಕೇಳುವವರು ಸಂತ ತೋಮಸ್ ಅಕ್ವಿನಾಸರನ್ನು ನೆನೆಯುತ್ತಾರೆ, ಧೈರ್ಯವೆಂಬ ಸದ್ಗುಣದ ಪ್ರಧಾನ ಕ್ರಿಯೆ ಆಕ್ರಮಣವಲ್ಲ, ಸಹಿಸಿ ನಿಲ್ಲುವುದು ಎಂದು ಅವರು ಬರೆದದ್ದು ನಿಜ. ಆದರೆ ಅದೇ ಚರ್ಚೆಯಲ್ಲಿ, ನ್ಯಾಯದಿಂದ ಬೇರ್ಪಟ್ಟ ಧೈರ್ಯವು ಅನ್ಯಾಯಕ್ಕೆ ಆಸರೆಯಾಗುತ್ತದೆ ಎಂಬ ಎಚ್ಚರಿಕೆಯನ್ನೂ ಅವರು ಸಂತ ಅಂಬ್ರೋಸರ ಮಾತಿನ ಆಧಾರದಿಂದ ಕೊಡುತ್ತಾರೆ. ಯಾವ ಒಳಿತಿಗಾಗಿ ಸಹಿಸುತ್ತಿದ್ದೇವೆ ಎಂಬ ಪ್ರಶ್ನೆ ಇಲ್ಲದ ಸಹನೆ ಸದ್ಗುಣವಲ್ಲ. ಹೆಂಡತಿ ಹೊಡೆತ ತಿನ್ನುವುದರಿಂದ ಗಂಡನ ಆತ್ಮಕ್ಕಾಗಲಿ, ಕಣ್ಣಾರೆ ಕಂಡು ಬೆಳೆಯುವ ಮಗನ ಆತ್ಮಕ್ಕಾಗಲಿ ಯಾವ ಒಳಿತು ಉಂಟಾಯಿತೆಂದು ನಾನು ಎಲ್ಲಿಯೂ ಕಂಡಿಲ್ಲ.

ಧರ್ಮಸಭೆಯ ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ, ಓದುವವರು ಕಡಿಮೆ ಅಷ್ಟೆ. ಧರ್ಮಸಭೆಯ ಸಂಹಿತೆಯ 1153ನೆಯ ವಿಧಿಯಂತೆ, ಸಂಗಾತಿಗೆ ಅಥವಾ ಮಕ್ಕಳಿಗೆ ಆತ್ಮದ ಇಲ್ಲವೆ ದೇಹದ ಗಂಭೀರ ಅಪಾಯ ಒಡ್ಡುವವನಿಂದ ದೂರವಾಗಿ ಬಾಳಲು ನ್ಯಾಯವಾದ ಕಾರಣವಿದೆ. ತಡಮಾಡಿದರೆ ಅಪಾಯವೆನ್ನುವ ಸಂದರ್ಭದಲ್ಲಿ ಧರ್ಮಾಧ್ಯಕ್ಷರ ಅಪ್ಪಣೆಗೂ ಕಾಯಬೇಕಿಲ್ಲ. 1992ರಲ್ಲಿಯೇ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು ಹೆಂಡತಿಯ ಮೇಲಿನ ಹಿಂಸೆಯನ್ನು ಕುರಿತು ಪಾಲನಾ ಪತ್ರವೊಂದನ್ನು ಹೊರಡಿಸಿದರು. ದಿವಂಗತ ಪೋಪ್ ಫ್ರಾನ್ಸಿಸರು 2016ರ ಅಮೋರಿಸ್ ಲೆತೀತಿಯ ಪತ್ರದಲ್ಲಿ, ದುರ್ಬಲ ಸಂಗಾತಿಯನ್ನೂ ಎಳೆಯ ಮಕ್ಕಳನ್ನೂ ಹಿಂಸೆಯಿಂದ ಪಾರುಮಾಡಬೇಕಾದಲ್ಲಿ ಪ್ರತ್ಯೇಕ ವಾಸವು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯವಾಗುತ್ತದೆ ಎಂದರು. ನಮ್ಮ ಅನೇಕ ತಾಯಂದಿರು ವಿಚ್ಛೇದನ ಬೇಡವೆಂಬ ಕಾರಣಕ್ಕೇ ಕಾನೂನಿನ ಬಾಗಿಲಿಗೆ ಹೋಗುವುದಿಲ್ಲ. ಅವರಿಗೆ ತಿಳಿಯಬೇಕಾದದ್ದು ಇಷ್ಟು: 2005ರ ಕಾಯಿದೆಯ ಪರಿಹಾರಗಳಿಗೆ ವಿಚ್ಛೇದನ ಬೇಕಿಲ್ಲ. ಹೊಡೆಯಕೂಡದೆಂಬ ರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಪಾಲನೆ ಇವೆಲ್ಲವೂ ವಿವಾಹ ಸಂಬಂಧ ಉಳಿದಿರುವಾಗಲೇ ದೊರೆಯುತ್ತವೆ. ರಕ್ಷಣಾ ಆದೇಶವನ್ನು ಮುರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು.

ಕಾನೂನಿನ ದುರುಪಯೋಗದ ಮಾತು ಈ ಹೊತ್ತಿಗೆ ಕೆಲವು ಓದುಗರ ಬಾಯಿಗೆ ಬಂದಿರುತ್ತದೆ. ಸುಳ್ಳು ದೂರುಗಳಿಲ್ಲವೆಂದು ನಾನು ಹೇಳಲಾರೆ. ವರದಕ್ಷಿಣೆ ಕಿರುಕುಳದ ಮೊಕದ್ದಮೆಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಸೂಚನೆ ಕೊಟ್ಟದ್ದೂ ಇದೆ. ಆದರೆ ನೂರರಲ್ಲಿ ಎಪ್ಪತ್ತೇಳು ಮಂದಿ ಬಾಯಿಯನ್ನೇ ಬಿಡದ ಸಮಾಜದಲ್ಲಿ ದೂರುಗಳು ಹೆಚ್ಚಾಗಿವೆ ಎಂಬುದೇ ಮುಖ್ಯ ಚಿಂತೆಯಾಗುವುದು ವಿಚಿತ್ರ. ಸುಳ್ಳನ್ನೂ ನಿಜವನ್ನೂ ಬೇರ್ಪಡಿಸಲು ಬೇಕಾಗುವುದು ಸರಿಯಾಗಿ ಆಲಿಸಿ ಸರಿಯಾಗಿ ದಾಖಲಿಸಬಲ್ಲವರೇ.

ಅಂಥವರ ಪಾಡೇನು? ಇಲ್ಲಿ ತಂದೆತಾಯಿಗಳ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಸಖಿ ಕೇಂದ್ರಗಳ ಸಿಬ್ಬಂದಿಯ ನೇಮಕ ಸಾಮಾನ್ಯವಾಗಿ ಗುತ್ತಿಗೆಯ ಮೇಲೆ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲ ಮೇಲಿದೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಅಧಿಕಾರಿ ಹೊಡೆತ ತಿಂದವಳ ವರದಿಯನ್ನೂ ಬರೆಯಬೇಕು. ರಕ್ಷಣಾಧಿಕಾರಿಗಳಿಲ್ಲದ ಕಡೆಗಳಲ್ಲಿ ಆರು ವಾರಗಳೊಳಗೆ ಅವರನ್ನು ಗೊತ್ತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ಆದೇಶಿಸಬೇಕಾಗಿ ಬಂದದ್ದು 2025ರ ಮೇ ತಿಂಗಳಲ್ಲಿ; ಕಾಯಿದೆ ಬಂದು ಸುಮಾರು ಎರಡು ದಶಕಗಳ ಬಳಿಕ. ಹಣಕ್ಕಿಂತ ಮಿಗಿಲಾದ ಇನ್ನೊಂದು ಕಷ್ಟವಿದೆ. ದಿನವೂ ಇಂಥ ಕಥೆಗಳನ್ನು ಕೇಳುವವರ ಮನಸ್ಸಿಗೂ ಗಾಯವಾಗುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರು 1990ರ ಸುಮಾರಿಗೆ ಗುರುತಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದಾರೆ. ನಿದ್ದೆ ಕೆಡುತ್ತದೆ, ಬೀದಿಯಲ್ಲಿ ಹೋಗುವ ಪ್ರತಿ ದಂಪತಿಗಳ ಮೇಲೂ ಅನುಮಾನ ಹುಟ್ಟುತ್ತದೆ, ಕೆಲವರಲ್ಲಿ ಏನನ್ನು ಕೇಳಿದರೂ ಏನೂ ಅನ್ನಿಸದಂಥ ಜಡತೆ ಬರುತ್ತದೆ. ಇದಕ್ಕೆ ಔಷಧ ಅನುಭವಿ ಹಿರಿಯರೊಬ್ಬರ ಜೊತೆ ಕೂತು ವಾರಕ್ಕೊಮ್ಮೆಯಾದರೂ ಮಾತನಾಡುವ ವ್ಯವಸ್ಥೆ. ನಮಗೆ ಗುರುಗಳಿಗೆ ವರ್ಷಕ್ಕೊಮ್ಮೆ ಧ್ಯಾನಕೂಟವಿದೆ, ಆಧ್ಯಾತ್ಮಿಕ ನಿರ್ದೇಶಕರಿದ್ದಾರೆ. ಗುತ್ತಿಗೆಯ ಸಮಾಲೋಚಕಿಗೆ ಎಷ್ಟೋ ಕಡೆ ಇಂಥದ್ದೇನೂ ಇಲ್ಲ.

ಮಂಗಳೂರಿನ ರೋಶನಿ ನಿಲಯದಂಥ ಸಮಾಜಕಾರ್ಯ ವಿದ್ಯಾಲಯವನ್ನು ಧರ್ಮಭಗಿನಿಯರು 1960ರಷ್ಟು ಹಿಂದೆಯೇ ಕಟ್ಟಿದರು. ವಿದ್ಯೆಯ ಬಾಗಿಲು ತೆರೆದೇ ಇದೆ. ಆಸಕ್ತಿ ಇರುವ ಮಗಳನ್ನು, ಮಗನನ್ನೂ ತಡೆಯಬೇಡಿ ಎಂಬುದು ತಂದೆತಾಯಿಗಳಲ್ಲಿ ನನ್ನ ವಿನಂತಿ. ಸಂಬಳ ಕಡಿಮೆಯೆಂಬುದು ನಿಜವಾದರೆ, ಧರ್ಮಪ್ರಾಂತ್ಯಗಳೂ ದೊಡ್ಡ ಧರ್ಮಕೇಂದ್ರಗಳೂ ಸೇರಿ ತರಬೇತಿ ಪಡೆದ ಒಬ್ಬರಿಗೆ ಗೌರವಯುತ ಸಂಬಳ ಕೊಟ್ಟು ನೇಮಿಸಿಕೊಳ್ಳುವುದು ಅಸಾಧ್ಯವೇನಲ್ಲ. ಹಬ್ಬದ ಸಿಡಿಮದ್ದಿಗೂ ದೀಪಾಲಂಕಾರಕ್ಕೂ ನಾವು ಮಾಡುವ ವೆಚ್ಚವನ್ನು ಖಜಾಂಚಿಗಳು ಬಲ್ಲರು.

ಅಲ್ಲಿಯವರೆಗೆ ಮಾಡಬಹುದಾದ ಸಣ್ಣ ಕೆಲಸಗಳಿವೆ. ವಿವಾಹ ನೋಂದಣಿ ಪುಸ್ತಕದ ಪ್ರತಿಯನ್ನೋ ಮಕ್ಕಳ ಸ್ನಾನದೀಕ್ಷೆಯ ಪತ್ರವನ್ನೋ ಕೇಳಿ ಬರುವ ಹೆಣ್ಣುಮಗಳಿಗೆ "ಯಾಕೆ, ಏನು, ಯಜಮಾನರನ್ನು ಕಳುಹಿಸಿ" ಎನ್ನದೆ ಅದನ್ನು ಅಂದೇ ಕೊಟ್ಟುಬಿಡಬೇಕು. ನ್ಯಾಯಾಲಯದಲ್ಲಿ ಅವಳಿಗೆ ಅದು ಆಧಾರ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವು ಯಾರಿಗೂ ಹೇಳುವಂತಿಲ್ಲ, ಆದ್ದರಿಂದ ಅದರ ಮೇಲೆ ಯಾವ ಕ್ರಮಕ್ಕೂ ಇಳಿಯುವಂತಿಲ್ಲ. ಸಹಾಯ ಬೇಕಾದವರು ಅದೇ ವಿಷಯವನ್ನು ಪೀಠದ ಹೊರಗೆ, ಕಚೇರಿಯಲ್ಲಿ ಇನ್ನೊಮ್ಮೆ ಹೇಳಬೇಕೆಂಬುದನ್ನು ನಾವೇ ತಿಳಿಸಬೇಕು. ಪಕ್ಕದ ಮನೆಯಲ್ಲಿ ಕೂಗು ಕೇಳಿದವರು ರಕ್ಷಣಾಧಿಕಾರಿಗೆ ಸದ್ಭಾವನೆಯಿಂದ ಮಾಹಿತಿ ಕೊಟ್ಟರೆ ಅವರ ಮೇಲೆ ಸಿವಿಲ್ ಇಲ್ಲವೆ ಕ್ರಿಮಿನಲ್ ಹೊಣೆ ಬರುವುದಿಲ್ಲವೆಂದು ಕಾಯಿದೆಯ ನಾಲ್ಕನೆಯ ಪ್ರಕರಣ ಹೇಳುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ಪೊಲೀಸರ ತುರ್ತು ಸಂಖ್ಯೆ 112. ಇವನ್ನು ದೇವಾಲಯದ ಮುಂಬಾಗಿಲಿನ ಸೂಚನಾ ಫಲಕದಲ್ಲಿ ಹಾಕಿದರೆ ಬೇಕಾದವಳು ನಿಂತು ಓದಲಾರಳು, ಪಕ್ಕದಲ್ಲಿ ಅವನಿರುತ್ತಾನೆ. ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಯಲ್ಲಿ ಅಂಟಿಸಲು ನಮ್ಮ ಧರ್ಮಕೇಂದ್ರದ ತಾಯಂದಿರ ಸಂಘದವರಿಗೆ ಹೇಳಿದ್ದೇನೆ.